ಕೈ ಖಾಲಿ ಇಡಬೇಕಾದ ಮನೆ

ಶನಿವಾರ, ಮಧ್ಯಾಹ್ನ ಎರಡು ಗಂಟೆ. ಸ್ಥಳ, ಸಿದ್ಧಕಟ್ಟೆಯ ನಮ್ಮ ಮನೆಯ ಜಗಲಿ. ಇದ್ದವರು ಐದು ಜನ. ಗೋಡೆಗೆ ಒರಗಿ ಅಜ್ಜಿ, ಬಾಗಿಲ ಬಳಿ ಅಮ್ಮ, ಬೆಳಕು ಚೆನ್ನಾಗಿ ಬೀಳುವ ಮೂಲೆಯಲ್ಲಿ ಅಮ್ಮನ ತಂಗಿ ಲಲಿತ ಚಿಕ್ಕಮ್ಮ, ಮೆಟ್ಟಿಲಿನ ಹತ್ತಿರ ಪಕ್ಕದ ಮನೆಯ ಐಸಮ್ಮ, ನಡುವೆ ನಾನು. ಆ ನಾಲ್ವರ ತೊಡೆಯ ಮೇಲೆ ಬೀಡಿ ಕಟ್ಟುವ ತಡ್ಪೆ, ಎಲೆ ಹೊಗೆಸೊಪ್ಪು ಹರವಿದ ಮೊರ, ಇತ್ತು. ನನ್ನ ತೊಡೆಯ ಮೇಲೆ ಮೂಡುಬಿದಿರೆಯ ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದ ಕಾದಂಬರಿ. ನಾನು ಆಗ ಎಂಟನೇ ತರಗತಿ. ಆ ಕಾಲದ ಎಷ್ಟೋ ಸಂಗತಿಗಳು ಈಗ ನನಗೆ ಮಸುಕಾಗಿವೆ. ಆ ಮಧ್ಯಾಹ್ನ ಯಾರು ಎಲ್ಲಿ ಕುಳಿತಿದ್ದರು ಎಂಬುದು ಮಾತ್ರ ಮಸುಕಾಗಿಲ್ಲ, ಏಕೆಂದರೆ ಅಂದು ನಾನು ಎಂಟು ಪುಟಗಳನ್ನು ಓದದೆ ಹಾರಿಸಿದೆ.

ನಮ್ಮದು ಹೆಂಗಸರ ಮನೆ. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದರು, ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದರು. ಮನೆ ಅಜ್ಜಿಯದು, ಮನೆಯ ಗಡಿಯಾರವೂ ಅಜ್ಜಿಯದೇ. ಬೆಳಿಗ್ಗೆ ಐದಕ್ಕೆ ಏಳುವುದು, ಹಿಂದಿನ ಸಂಜೆ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆಯನ್ನು ಬಿಚ್ಚುವುದು, ತಗಡಿನ ಅಚ್ಚು ಇಟ್ಟು ಕತ್ತರಿಸುವುದು, ಏಳಕ್ಕೆ ಗಂಜಿ, ಹನ್ನೆರಡೂವರೆಗೆ ಊಟ, ಆರೂವರೆಗೆ ದೀಪ. ಗಂಜಿಗೆ ಒಣಮೀನಿನ ಚಟ್ನಿ, ಊಟಕ್ಕೆ ಹುರುಳಿ ಸಾರು. ಬುಧವಾರ ಮತ್ತು ಶನಿವಾರ ಸಂಜೆ ಐದರೊಳಗೆ ಕಟ್ಟಿದ ಬೀಡಿ, ಎಲೆ ಕೊಡುವ ಕಂಪೆನಿಯ ಬ್ರಾಂಚಿಗೆ ಮುಟ್ಟಬೇಕು. ಇದರಲ್ಲಿ ಯಾವುದಾದರೂ ಹತ್ತು ನಿಮಿಷ ತಡವಾದರೆ ಅಜ್ಜಿ ಬೈಯುತ್ತಿರಲಿಲ್ಲ, ಬದಲಿಗೆ ತಡವಾದ ಕೆಲಸವನ್ನು ತಾನೇ ಮಾಡಿ ಮುಗಿಸಿ ಮಾತಿಲ್ಲದೆ ಕುಳಿತುಬಿಡುತ್ತಿದ್ದಳು. ಅದು ಬೈಗುಳಕ್ಕಿಂತ ಕಷ್ಟ. ಮುಂದೆ ನಾನು ಶಿಕ್ಷಕಿಯಾದೆ. ಟೀಚರು ಒಂದು ಪಾಠವನ್ನೂ ಬಿಡುವುದಿಲ್ಲ ಎಂದು ಮಕ್ಕಳು ಮನೆಯಲ್ಲಿ ದೂರು ಹೇಳುತ್ತಿದ್ದರಂತೆ. ಆ ಗುಣ ಅರ್ಧ ಅಜ್ಜಿಯಿಂದ ಬಂತು. ಉಳಿದರ್ಧ ಆ ಎಂಟು ಪುಟಗಳಿಂದ.

ಬೀಡಿ ಕಟ್ಟುವವರ ಕೈಗೆ ಬಿಡುವಿಲ್ಲ, ಕಿವಿಗೆ ಬೇಕಾದಷ್ಟು ಬಿಡುವುಂಟು. ಹಾಗಾಗಿ ನಾನು ಓದುವವಳಾದೆ. ಶನಿವಾರ ಶಾಲೆ ಬೆಳಿಗ್ಗೆ ಮಾತ್ರ. ಮಧ್ಯಾಹ್ನ ನನ್ನ ಪಾಲಿಗೆ ಬರಬೇಕಾದ ಬೀಡಿಯನ್ನು ಉಳಿದ ನಾಲ್ವರು ಹಂಚಿಕೊಂಡು ಕಟ್ಟುತ್ತಿದ್ದರು, ನಾನು ಓದುತ್ತಿದ್ದೆ. ಕಾದಂಬರಿಯ ಕನ್ನಡ ನಮ್ಮದಲ್ಲ. ನಾವು ಮನೆಯಲ್ಲಿ ಆಡುತ್ತಿದ್ದುದು ತುಳು, ಐಸಮ್ಮ ಅದಕ್ಕೆ ತಮ್ಮ ಮನೆಮಾತು ಬ್ಯಾರಿಯನ್ನು ಸ್ವಲ್ಪ ಬೆರೆಸುತ್ತಿದ್ದರು. ಪುಸ್ತಕದ ನಾಯಕ “ಬರ್ತೀನಿ ಕಣೇ” ಎಂದರೆ ಜಗಲಿಯೆಲ್ಲ ನಗು. ನಾಯಕಿಯ ಹೆಸರು ವಸುಧಾ, ಬಡವರ ಮನೆಯ ಹುಡುಗಿ, ಹೊಲಿಗೆ ಮಾಡಿ ತಮ್ಮಂದಿರನ್ನು ಸಾಕುವವಳು. ಕಾರ್ಖಾನೆಯ ಯಜಮಾನನೊಬ್ಬ ಅವಳನ್ನು ಮೆಚ್ಚಿ ಮದುವೆಯಾಗುತ್ತಾನೆ.

“ವಸುಧಾ ಹದಿನಾಲ್ಕು ಕೋಣೆಗಳ ಆ ಬಂಗಲೆಯ ಮೆಟ್ಟಿಲಿಳಿದು ಬಂದಳು” ಎಂದು ಓದಿದೆ.

“ಹದಿನಾಲ್ಕಾ?” ಐಸಮ್ಮ ಕೈ ನಿಲ್ಲಿಸದೆ ಕೇಳಿದರು. “ಗುಡಿಸುವುದು ಯಾರು ಮಾರಾಯ್ತಿ?”

“ಅದು ಬರೆದಿಲ್ಲ.”

“ಮತ್ತೆ ಬೆಳಿಗ್ಗೆ ದೋಸೆಗೆ ಕಡೆಯುವುದು?”

“ಮಿಕ್ಸಿ ಇರಬಹುದು” ಎಂದಳು ಅಮ್ಮ.

“ಮಿಕ್ಸಿ ತೊಳೆಯುವುದು?”

“ಐಸಮ್ಮ, ನೀವು ಅಲ್ಲಿಗೆ ಕೆಲಸಕ್ಕೆ ಸೇರಿ, ಎಲ್ಲ ಗೊತ್ತಾಗ್ತದೆ” ಎಂದಳು ಚಿಕ್ಕಮ್ಮ.

“ಸೇರಬಹುದಿತ್ತು. ಆದರೆ ಅಲ್ಲಿಯ ಹೆಂಗಸರೆಲ್ಲ ಮೆಟ್ಟಿಲಲ್ಲೇ ನಿಂತು ಅಳ್ತಾರೆ. ಒರೆಸಲಿಕ್ಕೆ ಜಾಗ ಸಿಗಬೇಡವಾ?”

ಎಷ್ಟು ಪುಸ್ತಕ ಓದಿದೆನೋ ಲೆಕ್ಕವಿಲ್ಲ, ಎಲ್ಲದರಲ್ಲೂ ಒಂದೇ ಕ್ರಮ. ಶ್ರೀಮಂತ ಗಂಡಸಿಗೆ ಹೆಸರು, ಕಾರು, ಕೋಪ ಮೂರೂ ಇರುತ್ತಿದ್ದವು. ಶ್ರೀಮಂತ ಹೆಂಗಸಿಗೆ ಸೊಂಟದಲ್ಲಿ ಬೀಗದ ಗೊಂಚಲು. ಬಡ ಹುಡುಗಿಗೆ ಚಂದ ಮತ್ತು ಕಣ್ಣೀರು, ಚಂದವಿಲ್ಲದ ಬಡವಳು ಕಥೆಯೊಳಗೆ ಬರುತ್ತಲೇ ಇರಲಿಲ್ಲ. ಬಂದರೂ ಟ್ರೇಯಲ್ಲಿ ಕಾಫಿ ಇಟ್ಟು ಹೋಗುತ್ತಿದ್ದಳು. ದುಡ್ಡು ಬಂದ ಪುಟದಿಂದ ಮುಂದೆ ನಾಯಕಿಯ ಕೈಗೆ ಕೆಲಸವಿಲ್ಲ, ಅದೇ ಸುಖದ ಗುರುತು. ಬೆರಳ ತುದಿಯಲ್ಲಿ ಹೊಗೆಸೊಪ್ಪಿನ ಕಂದು ಹತ್ತಿದ ನಾಲ್ವರು ಹೆಂಗಸರು ಅದನ್ನು ಕೇಳುತ್ತ, ನಗುತ್ತ, ಒಳಗೊಳಗೆ ಆಸೆಪಡುತ್ತ ಕಟ್ಟುತ್ತಿದ್ದರು. ನಾನೂ ಆಸೆಪಡುತ್ತಿದ್ದೆ. ನನಗೆ ನಗುವಷ್ಟು ಬುದ್ಧಿ ಇರಲಿಲ್ಲ.

ಐಸಮ್ಮ ನಮ್ಮ ಜಗಲಿಗೆ ಬಂದು ಕಟ್ಟುವುದಕ್ಕೆ ಬೇರೆ ಕಾರಣವಿತ್ತು. ಅವರ ಮಗ ಸೌದಿಯ ದಮಾಮಿಗೆ ಹೋಗಿ ಎರಡು ವರ್ಷದಲ್ಲಿ ಟೆರೇಸಿನ ಮನೆ ಕಟ್ಟಿಸಿದ್ದ. ಇನ್ನು ಉಮ್ಮ ಬೀಡಿ ಕಟ್ಟುವುದು ಬೇಡ, ನಾಲ್ಕು ಜನ ಏನೆಂದಾರು ಎಂದು ಬರೆದ. ಐಸಮ್ಮ ಮಗನ ಮಾತು ಮೀರಲಿಲ್ಲ. ಎಲೆ, ಹೊಗೆಸೊಪ್ಪು, ಕೂಲಿಯ ಲೆಕ್ಕ ಬರೆಯುವ ತನ್ನ ಬೀಡಿ ಕಾರ್ಡನ್ನು ಬ್ರಾಂಚಿಗೆ ವಾಪಸು ಕೊಟ್ಟರು, ಮರುದಿನದಿಂದ ನಮ್ಮಲ್ಲಿಗೆ ಬಂದು ಅಮ್ಮನ ಕಾರ್ಡಿಗೆ ಕಟ್ಟತೊಡಗಿದರು. ವಾರದ ಕೊನೆಗೆ ಅವರ ಪಾಲು ಅವರಿಗೆ. ನಮ್ಮ ಕಡೆ ಇದು ಹೊಸತಲ್ಲ. ಬಾಣಂತಿಯ ಕಾರ್ಡಿಗೆ ನಾದಿನಿ ಕಟ್ಟುವುದು, ಜ್ವರ ಬಂದವಳ ಕಾರ್ಡಿಗೆ ನೆರೆಯವಳು ಕಟ್ಟುವುದು, ಒಬ್ಬರ ಎಲೆ ಇನ್ನೊಬ್ಬರ ಕೈ ಎಂಬುದು ದಿನದ ಮಾತು. ಅದರಲ್ಲಿ ಉಪಕಾರ ಇತ್ತೇ ಹೊರತು ಅಪಾಯ ಇದೆಯೆಂದು ಯಾರಿಗೂ ತೋಚಿರಲಿಲ್ಲ.

ಆ ಹೊತ್ತಿಗೇ ಚಿಕ್ಕಮ್ಮನಿಗೆ ಸಂಬಂಧ ಬಂತು. ಬೆಳ್ತಂಗಡಿ ಪೇಟೆಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ಗಲ್ಫಿನ ದುಡ್ಡಿನಿಂದ ಊರೆಲ್ಲ ಟೆರೇಸಿನ ಮನೆ ಏಳುತ್ತಿದ್ದ ಕಾಲ, ಅಂಗಡಿ ಚೆನ್ನಾಗಿ ನಡೆಯುತ್ತಿತ್ತು. ಹುಡುಗನ ಮೊದಲ ಹೆಂಡತಿ ತೀರಿಹೋಗಿದ್ದಳು, ಮಕ್ಕಳಿಲ್ಲ. ಮಾತು ತಂದವರು ಜಗಲಿಯ ತುದಿಯಲ್ಲಿ ಕುಳಿತು ಹೇಳಿದರು:

“ಅವರು ಏನೂ ಕೇಳುವುದಿಲ್ಲ. ಬಂಗಾರ ಬೇಡ, ಏನೂ ಬೇಡ. ಬೀಡಿ ಬಿಡಬೇಕು, ಅಷ್ಟೇ. ಆ ಮನೆಯಲ್ಲಿ ಲಲಿತ ಕೈ ಅಲ್ಲಾಡಿಸಬೇಕಾಗಿಲ್ಲ.”

“ಕಾರ್ಡು?” ಎಂದಳು ಚಿಕ್ಕಮ್ಮ.

“ಕಾರ್ಡು ಇನ್ನು ಯಾಕೆ? ವಾಪಸು ಕೊಡುವುದು.”

ಚಿಕ್ಕಮ್ಮ ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ಅವಳ ಹೆಸರು ಬರೆದ ಕಾಗದ ಮನೆಯಲ್ಲಿ ಆ ಕಾರ್ಡೊಂದೇ ಇತ್ತು. ನಮ್ಮ ಜಗಲಿಯಲ್ಲಿ ಅವಳಷ್ಟು ಬೇಗ, ಅವಳಷ್ಟು ಬಿಗಿಯಾಗಿ ಕಟ್ಟುವವರು ಬೇರೆ ಇರಲಿಲ್ಲ. ಬ್ರಾಂಚಿನಲ್ಲಿ ಅವಳ ಕಟ್ಟನ್ನು ಬಿಚ್ಚಿ ನೋಡುತ್ತಿರಲಿಲ್ಲ. ಅವಳು ಬಸ್ಸು ಹತ್ತಿದರೆ ಯಾರಿಗೂ ಕಾರಣ ಹೇಳಬೇಕಾಗಿರಲಿಲ್ಲ, ಸೀರೆ ಕೊಂಡರೆ ಯಾರಿಗೂ ತೋರಿಸಬೇಕಾಗಿರಲಿಲ್ಲ. ಅದನ್ನೆಲ್ಲ ಬಿಟ್ಟು ಹೋಗುವುದೋ ಬೇಡವೋ ಎಂದು ಅವಳು ಹೇಳಬೇಕಿತ್ತು. ಅಂದು ಊಟದ ಹೊತ್ತಿಗೆ ಅಜ್ಜಿಗೂ ಅಮ್ಮನಿಗೂ ಜಗಳವಾಯಿತು.

“ಮೂವತ್ತು ಹತ್ತಿರ ಬಂತು. ಇನ್ನು ಯಾರಿಗೆ ಕಾಯುವುದು?” ಅಜ್ಜಿ.

“ಅವಳ ಕೈ ಇಲ್ಲದೆ ಈ ಮನೆ ನಡೀತದಾ ಅಮ್ಮ?”

“ಅದಕ್ಕೇ ಹೇಳ್ತೇನೆ. ಮನೆ ನಡೆಸಲಿಕ್ಕೆ ಅಂತ ಹೆಣ್ಣನ್ನು ಇಟ್ಟುಕೊಳ್ಳುವುದು ಪಾಪ.”

ಚಿಕ್ಕಮ್ಮ ತಲೆಯೆತ್ತಲಿಲ್ಲ. “ಒಂದು ವಾರ ಕೊಡಿ. ಆ ವಸುಧಾಳ ಕಥೆ ಮುಗಿಯಲಿ, ಆಮೇಲೆ ಹೇಳ್ತೇನೆ” ಎಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅವಳು ಹಾಸ್ಯ ಮಾಡುವಾಗ ಎಡಗಣ್ಣು ಸಣ್ಣದಾಗುತ್ತಿತ್ತು, ಅಂದು ಆಗಿರಲಿಲ್ಲ.

ನಾನು ಪುಸ್ತಕವನ್ನು ಮೊದಲೇ ಒಬ್ಬಳೇ ಓದಿ ಮುಗಿಸಿದ್ದೆ. ಮದುವೆಯಾದ ಮೇಲೆ ವಸುಧಾ ತನ್ನ ಹೊಲಿಗೆ ಮಿಷನ್ನನ್ನು ಬಂಗಲೆಗೆ ತರಿಸುತ್ತಾಳೆ. ಗಂಡ ಪ್ರೀತಿಯಿಂದಲೇ ಹೇಳುತ್ತಾನೆ, ನಮ್ಮ ಮನೆಯ ಹೆಂಗಸಿನ ಕೈಗೆ ಕೂಲಿ ಬರಬಾರದು ಎಂದು. ಅವಳು ಮೂರು ದಿನ ಮಾತು ಬಿಡುತ್ತಾಳೆ, ನಾಲ್ಕನೇ ದಿನ ಮಿಷನ್ನಿನ ಮೇಲೆ ಬಟ್ಟೆ ಹಾಸಿ ಹೂದಾನಿ ಇಡುತ್ತಾಳೆ. ಬರೆದವರು ಅದನ್ನು ತ್ಯಾಗವೆಂದು ಹೊಗಳಿದ್ದರು. ಇದಿಷ್ಟು ಎಂಟು ಪುಟ. ಚಿಕ್ಕಮ್ಮ ಇದನ್ನು ಕೇಳಿದರೆ ಒಪ್ಪುವುದಿಲ್ಲ ಎಂದು ನನಗೆ ಅನ್ನಿಸಿತು. ನನಗೆ ಅವಳು ಒಪ್ಪಬೇಕಿತ್ತು. ಅವಳ ಒಳ್ಳೆಯದಕ್ಕೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ, ಅದು ನಿಜವಲ್ಲ. ರಜೆಯಲ್ಲಿ ಹೋಗಿ ಇರಲು ನನಗೊಂದು ಮಹಡಿ ಮನೆ ಬೇಕಿತ್ತು. ಮೆಟ್ಟಿಲಿಳಿದು ಬರಬೇಕಿತ್ತು. ಹಾಗಾಗಿ ಆ ಶನಿವಾರ ನಾಲ್ಕು ಹಾಳೆಗಳನ್ನು ಒಟ್ಟಿಗೆ ತಿರುವಿ ಮುಂದಿನ ಅಧ್ಯಾಯದಿಂದ ಓದಿದೆ. ಅತ್ತೆ ಸೊಂಟದ ಬೀಗದ ಗೊಂಚಲನ್ನು ತೆಗೆದು ವಸುಧಾಳ ಕೈಗೆ ಕೊಟ್ಟಲ್ಲಿಗೆ ಪುಸ್ತಕ ಮುಗಿಯಿತು.

“ಆಯ್ತಾ?” ಐಸಮ್ಮ ಕೇಳಿದರು. “ಇಷ್ಟು ಸುಲಭದಲ್ಲಿ ಕೊಟ್ಟರಾ? ನನ್ನ ಅತ್ತೆ ಸಾಯುವವರೆಗೆ ಉಪ್ಪಿನ ಭರಣಿಯನ್ನೂ ಕೊಡಲಿಲ್ಲ.”

ಚಿಕ್ಕಮ್ಮ ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿ ಮುಗಿಸಿದಳು. “ಆಗಲಿ ಅಮ್ಮ. ಬರಲಿಕ್ಕೆ ಹೇಳಿ” ಎಂದಳು ಅಜ್ಜಿಗೆ. ಕಥೆ ಕೇಳಿಯೇ ಅವಳು ಒಪ್ಪಿದಳೆಂದು ನಾನು ಹೇಳಲಾರೆ. ಮೂವತ್ತು ಹತ್ತಿರವಾದ ಹೆಂಗಸಿಗೆ ಒಪ್ಪಲು ಸಾವಿರ ಕಾರಣ ಇರಬಹುದು. ಐದು ಗಂಟೆಗೆ ಬೀಡಿ ಬ್ರಾಂಚಿಗೆ ಮುಟ್ಟಿತು. ತಿಂಗಳೆರಡರಲ್ಲಿ ಮದುವೆ ಮುಗಿಯಿತು, ಕಾರ್ಡು ವಾಪಸಾಯಿತು.

ಮರುವರ್ಷದ ದಸರಾ ರಜೆಗೆ ಚಿಕ್ಕಪ್ಪನ ಜೀಪು ಬಂದು ನನ್ನನ್ನು ಬೆಳ್ತಂಗಡಿಗೆ ಕರೆದುಕೊಂಡು ಹೋಯಿತು. ಮೊಸಾಯಿಕ್ ನೆಲ, ಪ್ಲಾಸ್ಟಿಕ್ ತೆಗೆಯದ ಸೋಫಾ, ಗಾಜಿನ ಕಪಾಟಿನಲ್ಲಿ ಗೊಂಬೆಗಳು, ಮಹಡಿಗೆ ಮೆಟ್ಟಿಲು. ಮೊದಲ ದಿನ ನಾನು ಆ ಮೆಟ್ಟಿಲನ್ನು ಹತ್ತಾರು ಸಲ ಇಳಿದೆ. ಎರಡನೇ ದಿನದಿಂದ ಮನೆಯ ಕ್ರಮ ಕಾಣತೊಡಗಿತು. ಊಟಕ್ಕೆ ಮೊದಲು ಚಿಕ್ಕಪ್ಪ, ಆಮೇಲೆ ಅವರ ತಾಯಿ, ಆಮೇಲೆ ಚಿಕ್ಕಮ್ಮ ಮತ್ತು ನಾನು. ಎಲ್ಲರದ್ದು ಮುಗಿದ ಮೇಲೆ ಕೆಲಸದ ಗಿರಿಜ, ಹಿಂದಿನ ಮೆಟ್ಟಿಲಲ್ಲಿ, ಬೇರೆಯಾಗಿಯೇ ಇಟ್ಟ ತನ್ನ ಸ್ಟೀಲಿನ ಬಟ್ಟಲಲ್ಲಿ. ಚಿಕ್ಕಪ್ಪ ಒಳ್ಳೆಯವರು. ಪೇಟೆಯಿಂದ ಬರುವಾಗ ವಾರಪತ್ರಿಕೆ, ಹಲ್ವ, ಮಲ್ಲಿಗೆ ತರುತ್ತಿದ್ದರು. ಚಿಕ್ಕಮ್ಮನಿಗೆ ಬೇಕಾದ್ದು ಕೇಳುವ ಮೊದಲೇ ಬರುತ್ತಿತ್ತು. ಆದರೂ ನಾಲ್ಕು ತಿಂಗಳಿಂದ ಅವಳು ಸಿದ್ಧಕಟ್ಟೆಗೆ ಬಂದಿರಲಿಲ್ಲ. ಜೀಪಿಗೆ ಬಿಡುವಿರಲಿಲ್ಲ, ಬಸ್ಸಿಗೆ ಹೋಗುವುದು ಆ ಮನೆಯ ಹೆಂಗಸರ ಕ್ರಮವಲ್ಲ.

ನಾನು ಮೂಡುಬಿದಿರೆಯಿಂದ ಹೊಸ ಪುಸ್ತಕ ತಂದಿದ್ದೆ. ಚಿಕ್ಕಮ್ಮನ ಅತ್ತೆ ಮಲಗಿದ ಹೊತ್ತು ಮಹಡಿಯಲ್ಲಿ ಕುಳಿತು ಓದತೊಡಗಿದೆ. ಚಿಕ್ಕಮ್ಮ ಸೆರಗಿನ ತುದಿಯನ್ನು ಬೆರಳುಗಳ ನಡುವೆ ಸುರುಳಿ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದಳು.

“ಆಗ ಓದಿದ್ದು ಏನು? ಇನ್ನೊಮ್ಮೆ ಓದು.”

ಓದಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮಾತು. ಮೂರನೇ ಸಲ ಅವಳೇ ಪುಸ್ತಕ ಮುಚ್ಚಿದಳು.

“ಕೈ ಸುಮ್ಮನಿದ್ದರೆ ಕಿವಿಯೂ ಸುಮ್ಮನಾಗ್ತದೆ ಮಗಾ. ಒಂದು ಸಾಲೂ ಒಳಗೆ ಹೋಗುವುದಿಲ್ಲ.”

ಗಿರಿಜ ಬೆಳಿಗ್ಗೆ ಏಳಕ್ಕೆ ಬಂದು ನಾಲ್ಕಕ್ಕೆ ಹೋಗುವವಳು, ಸಂಜೆ ಮನೆಯಲ್ಲಿ ಬೀಡಿ ಕಟ್ಟುವವಳು. ಆ ವಾರ ಅವಳ ಮಗುವಿಗೆ ಜ್ವರ ಬಂದು ಎಲೆ ಹಾಗೆಯೇ ಉಳಿದಿತ್ತು. ಬಟ್ಟೆ ಒಣಗಿಸುವಲ್ಲಿ ಚಿಕ್ಕಮ್ಮ ಅವಳನ್ನು ನಿಲ್ಲಿಸಿದಳು.

“ನಿನ್ನ ಎಲೆ ಇಲ್ಲಿಗೆ ತಾ. ಮಧ್ಯಾಹ್ನ ನಾನು ಕಟ್ಟಿ ಕೊಡ್ತೇನೆ. ಅರ್ಧ ನಿನಗೆ, ಅರ್ಧ ನನಗೆ.”

“ಬೇಡ ಅಕ್ಕ. ದೊಡ್ಡವರಿಗೆ ಗೊತ್ತಾದರೆ?”

“ಕಾರ್ಡು ನಿನ್ನದು, ಎಲೆ ನಿನ್ನದು. ನನ್ನದು ಕೈ ಮಾತ್ರ. ನಮ್ಮಲ್ಲಿ ಐಸಮ್ಮ ಎಷ್ಟು ಸಮಯದಿಂದ ಹೀಗೆಯೇ ಕಟ್ಟುವುದಿಲ್ಲವಾ?”

ಗಿರಿಜ ಎರಡು ಸಲ ಬೇಡವೆಂದಳು. ಮೂರನೇ ಸಲ ಬೇಡವೆನ್ನಲು ಅವಳಿಗೆ ಆಗಲಿಲ್ಲ, ಕೇಳುತ್ತಿದ್ದವಳು ಮನೆಯೊಡತಿ. ಚಿಕ್ಕಮ್ಮನಿಗೆ ಅದು ಹೊಳೆಯಲಿಲ್ಲ. ಅವಳ ಲೆಕ್ಕದಲ್ಲಿ ಅದು ಇನ್ನೂ ನಮ್ಮ ಜಗಲಿಯೇ. ಸೌದೆ ಕೊಟ್ಟಿಗೆಯಲ್ಲಿ ಗೋಣಿ ಹಾಸಿ ಕುಳಿತೆವು. ಎಂಟು ದಿನ, ಮಧ್ಯಾಹ್ನ ಎರಡರಿಂದ ಮೂರೂವರೆ. ನಾನು ತಗ್ಗಿದ ದನಿಯಲ್ಲಿ ಓದುತ್ತಿದ್ದೆ, ಅವಳ ಬೆರಳು ಓಡುತ್ತಿತ್ತು. ಒಂದು ಸಾಲನ್ನೂ ಅವಳು ತಿರುಗಿ ಕೇಳಲಿಲ್ಲ. ನಾಯಕನ ಕೋಪಕ್ಕೆ ನಕ್ಕಳು, ನಾಯಕಿಯನ್ನು ಬೈದಳು. ಆ ಮನೆಗೆ ಬಂದ ಮೇಲೆ ಅವಳ ಎಡಗಣ್ಣು ಸಣ್ಣದಾದದ್ದನ್ನು ನಾನು ನೋಡಿದ್ದು ಅಲ್ಲೇ.

ಒಂಬತ್ತನೇ ದಿನ, ಗುರುವಾರ, ಸಂಜೆ ಮೂರೂ ಮುಕ್ಕಾಲು. ಅಡಿಗೆಮನೆಯಲ್ಲಿ ಅತ್ತೆ, ಚಿಕ್ಕಮ್ಮ, ನಾನು. ಬಾಗಿಲ ಹೊರಗೆ ಮನೆಗೆ ಹೊರಟ ಗಿರಿಜ. ಚಿಕ್ಕಮ್ಮ ಅತ್ತೆಗೆ ಮಜ್ಜಿಗೆ ಕೊಟ್ಟಳು. ಅವರು ಲೋಟವನ್ನು ತುಟಿಯ ಹತ್ತಿರ ತಂದು ನಿಲ್ಲಿಸಿದರು, ಲೋಟದ ಹೊರಮೈಯನ್ನು ಮೂಸಿದರು. ಸಾಬೂನು ಎಷ್ಟು ಹಾಕಿದರೂ ಹೊಗೆಸೊಪ್ಪು ಬೆರಳು ಬಿಡುವುದಿಲ್ಲ. ಲೋಟ ಕೆಳಗಿಟ್ಟು ಬಾಗಿಲ ಕಡೆ ನೋಡಿದರು.

“ಗಿರಿಜ, ನಾಳೆಯಿಂದ ನೀನು ಬರುವುದು ಬೇಡ.”

“ಅತ್ತೆ, ಕಟ್ಟಿದ್ದು ನಾನು” ಎಂದಳು ಚಿಕ್ಕಮ್ಮ.

“ಅಷ್ಟು ಗೊತ್ತಾಗುವುದಿಲ್ಲವಾ ನನಗೆ? ಹಾಗೆಂದು ನಿನ್ನನ್ನು ಹೋಗು ಎನ್ನಲಿಕ್ಕೆ ಆಗ್ತದಾ?” ಅವರ ದನಿ ಏರಲಿಲ್ಲ. “ಈ ಅಂಗಡಿ ಆಗುವ ಮೊದಲು ಹೊಳೆಯಿಂದ ಕೂಲಿಗೆ ತಲೆಯಲ್ಲಿ ಹೊಯ್ಗೆ ಹೊತ್ತವಳು ನಾನು. ನನ್ನ ಸೊಸೆಯ ಕೈಯಲ್ಲಿ ಕೂಲಿಯ ವಾಸನೆ ಬರಬಾರದು ಅಂತ ಹೊತ್ತದ್ದು.”

ಗಿರಿಜ ಮೆಟ್ಟಿಲ ಬದಿಯಿಂದ ತನ್ನ ಬಟ್ಟಲನ್ನು ತೆಗೆದು ಬಟ್ಟೆಯಲ್ಲಿ ಸುತ್ತಿಕೊಂಡಳು. “ನಾನು ಬೇಡ ಎಂದಿದ್ದೆ ಅಕ್ಕ” ಎಂದಷ್ಟೇ ಹೇಳಿ ಹೋದಳು.

ಏಳೂವರೆಗೆ ಚಿಕ್ಕಪ್ಪ ಊಟಕ್ಕೆ ಕುಳಿತರು. ಅವರ ತಾಯಿ ಎಲ್ಲ ಹೇಳಿದ್ದರು.

“ನಿನಗೆ ಏನು ಬೇಕಿತ್ತು ಲಲಿತ? ಕೇಳಿದ್ದರೆ ನಾನು ಕೊಡ್ತಿರಲಿಲ್ಲವಾ?”

“ಕೊಡ್ತಿದ್ದಿರಿ.”

“ಮತ್ತೆ?”

ಚಿಕ್ಕಮ್ಮ ಅನ್ನ ಬಡಿಸಿದಳು. ಅವರು ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿದ್ದರು. ಅವರಿಗೆ ಅರ್ಥವಾಗಿರಲಿಲ್ಲ.

“ಗಿರಿಜಳನ್ನು ಕರೆಸಿ. ತಪ್ಪು ಅವಳದ್ದಲ್ಲ.”

“ಅಮ್ಮ ಹೇಳಿಯಾಗಿದೆಯಲ್ಲ. ಬೇರೆ ಯಾರನ್ನಾದರೂ ನೋಡುವ.”

“ಸಿಗುವವರೆಗೆ ಲಲಿತ ನೋಡಿಕೊಳ್ತಾಳೆ” ಎಂದರು ಅತ್ತೆ. “ಮನೆಯ ಪಾತ್ರೆ ತೊಳೆದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.”

ಆ ಮಾತು ಬಹಳ ವರ್ಷ ನಡೆಯಿತು. ಕೆಲಸಕ್ಕೆ ಬಂದವರು ನಿಲ್ಲಲಿಲ್ಲ, ಮತ್ತೆ ಹುಡುಕುವುದನ್ನೂ ಬಿಟ್ಟರು. ಎರಡು ಸಾವಿರದ ಇಸವಿ ದಾಟಿ, ನಾನು ಕೆಲಸಕ್ಕೆ ಸೇರಿದ ಮೇಲೆ ಹೋದಾಗಲೂ ತೊಳೆಯುವ ಕಲ್ಲಿನ ಬಳಿ ಚಿಕ್ಕಮ್ಮನೇ ಇರುತ್ತಿದ್ದಳು. ಕೈ ಅಲ್ಲಾಡಿಸಬೇಕಾಗಿಲ್ಲ ಎಂದವರ ಮಾತು ಸುಳ್ಳೆಂದು ಯಾರೂ ಹೇಳಲಿಲ್ಲ. ಕೂಲಿ ಬಾರದ ಕೆಲಸ ಕೆಲಸದ ಲೆಕ್ಕಕ್ಕೆ ಬರುವುದಿಲ್ಲ, ಆ ಮನೆಯಲ್ಲಿ ಹೇಗೋ ನಾನು ಓದಿದ ಪುಸ್ತಕಗಳಲ್ಲೂ ಹಾಗೆಯೇ.

ಅಂದು ಊಟ ಮುಗಿದ ಮೇಲೆ ನಾವಿಬ್ಬರು ಹಿಂದಿನ ಅಂಗಳಕ್ಕೆ ಪಾತ್ರೆ ತಂದೆವು. ಚಿಕ್ಕಮ್ಮ ತೆಂಗಿನ ನಾರು ಹಿಡಿದು ಉಜ್ಜಿದಳು, ನಾನು ನೀರು ಹಾಕಿದೆ. ಲೋಟ, ಬಟ್ಟಲು, ಸೌಟು. ಸಾರಿನ ಪಾತ್ರೆಯ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ.

“ಚಿಕ್ಕಮ್ಮ, ಆ ವಸುಧಾಳ ಪುಸ್ತಕದಲ್ಲಿ ನಾನು ಎಂಟು ಪುಟ ಓದಲಿಲ್ಲ.”

“ಏನಿತ್ತು ಅದರಲ್ಲಿ?”

ಹೇಳಿದೆ. ಮಿಷನ್ನು, ಕೂಲಿಯ ಮಾತು, ಹೂದಾನಿ, ಎಲ್ಲ. ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ.

“ಆಮೇಲೆ ಆ ಮಿಷನ್ನು ಏನಾಯ್ತು?”

“ಮತ್ತೆ ಅದರ ಸುದ್ದಿ ಬರುವುದಿಲ್ಲ.”

“ಹೂಂ.” ಸಾರಿನ ಪಾತ್ರೆ ಬದಿಗಿಟ್ಟಳು. “ಯಾಕೆ ಓದಲಿಲ್ಲ?”

“ನೀನು ಇಲ್ಲಿಗೆ ಬರಲಿ ಅಂತ.”

“ಓದಿದ್ದರೆ ಬರ್ತಿರಲಿಲ್ಲವಾ ನಾನು?”

ನಾನು ಚೊಂಬಿಗೆ ಮತ್ತೆ ನೀರು ತುಂಬಿದೆ.

“ನನಗೂ ಗೊತ್ತಿಲ್ಲ ಮಗಾ. ಬರ್ತಿದ್ದೆನೋ ಏನೋ. ಆದರೆ ನನಗೆ ಕೇಳಿಸಬೇಕಿತ್ತು.” ಬೈಯಲಿಲ್ಲ. ಅಜ್ಜಿಯ ಮಗಳು. ಅನ್ನದ ಪಾತ್ರೆಯನ್ನು ಎಳೆದುಕೊಂಡಳು, ತಳದಲ್ಲಿ ಅನ್ನ ಹಿಡಿದಿತ್ತು. “ನಾಳೆ ಬೆಳಿಗ್ಗೆ ಗಿರಿಜಳ ಮನೆಗೆ ಹೋಗುವ. ಅವಳು ಮುಖ ನೋಡದಿದ್ದರೂ ಸರಿ, ಹೋಗಬೇಕು. ಬಸ್ಸಿನಲ್ಲಿ.”

“ಚಿಕ್ಕಪ್ಪನನ್ನು ಕೇಳಬೇಡವಾ?”

“ಹೇಳುವ. ಕೇಳುವುದು ಬೇಡ.”

ಅವಳು ತಳ ಕೆರೆದಳು. ನಾನು ಎರಡು ಸಲ ನೀರು ಹಾಕಿದೆ, ಅವಳು ಬೆರಳಿನಿಂದ ಒಳಗೆ ಸವರಿ ನೋಡಿ ಇನ್ನೊಮ್ಮೆ ಹಾಕಲು ಹೇಳಿದಳು. ನೀರು ತುಂಬಿ ಪಾತ್ರೆ ಭಾರವಾಗಿತ್ತು, ಒಬ್ಬರಿಂದ ಆಗುವಂಥದ್ದಲ್ಲ. ಇಬ್ಬರೂ ಒಂದೊಂದು ಕಿವಿ ಹಿಡಿದು ಎತ್ತಿ, ನೀರು ಸೋರಿಹೋಗಲೆಂದು ಕಲ್ಲಿನ ಮೇಲೆ ಬೋರಲು ಹಾಕಿದೆವು.